ಗೋಡೆಯ ಹಿಂದಿನ ತುಂಡುಗೆರೆ

ನಮ್ಮ ಸಿನಿಮಾದಲ್ಲಿ ತಪ್ಪುಗಳಿದ್ದವು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾಯಕಿ ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಣ್ಣೆ ಚೆಲ್ಲಿದ ಕಲ್ಲಿನ ಮೇಲೆ ಜಾರಿದಂತೆ ಹೋಗುತ್ತಿದ್ದಳು. ಕರೆಂಟು ಏರಿಳಿದಾಗಲೆಲ್ಲ ಚಂದ್ರ ಮಂಕಾಗಿ ಮತ್ತೆ ಬೆಳಗುತ್ತಿದ್ದ. ದೊರೆಯ ದೆವ್ವ ಗೋಪುರದ ಮೆಟ್ಟಿಲು ಇಳಿಯುವ ಕಡೆ ಯಾರದೋ ತಲೆಗೂದಲು ಗಾಜಿನ ಮೇಲೆ ಬಿದ್ದು, ದೃಶ್ಯ ಮುಗಿಯುವವರೆಗೂ ದೆವ್ವದ ಮೂಗಿನ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಸಂಗೀತವೂ ಸದ್ದೂ ಬೇರೆ ಕ್ಯಾಸೆಟ್ಟಿನಲ್ಲಿದ್ದದ್ದರಿಂದ ಬಾಗಿಲು ಮುಚ್ಚಿದ ಎಷ್ಟೋ ಹೊತ್ತಿನ ಮೇಲೆ ಮುಚ್ಚಿದ ಸದ್ದು ಕೇಳುತ್ತಿತ್ತು. ಇವೆಲ್ಲ ತಪ್ಪು, ಒಪ್ಪುತ್ತೇನೆ. ಆದರೆ ಜನ ನಕ್ಕ ಕಡೆ, ಕ್ಲಬ್ಬಿನ ಅಧ್ಯಕ್ಷರು ಕತ್ತರಿ ಹಾಕಿದ ಕಡೆ ತಪ್ಪಿರಲಿಲ್ಲ. ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಆ ಸಂಜೆ ಆರ್.ಟಿ. ನಗರದ ಸಭಾಂಗಣದಲ್ಲಿ ನಡೆದದ್ದನ್ನು ಹೇಳುವಾಗ ನಾನು ಇಂದಿಗೂ ಅವಸರ ಮಾಡಿಬಿಡುತ್ತೇನೆ. ಆದ್ದರಿಂದ ನಿಧಾನವಾಗಿ, ಕಂಡದ್ದನ್ನಷ್ಟೇ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಗದಗಿನ ಕಡೆಯಿಂದ ಬಂದವಳು. ಬಾಯಿ ತೆರೆದರೆ ಸಾಕು, ನನ್ನ ಮಾತನ್ನು ಅಣಕಿಸಲು ಆಫೀಸಿನಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಅಣಕಿಸದೆ ಇದ್ದವರು ಒಬ್ಬರೇ, ಕಿಟಕಿ ಪಕ್ಕದ ಟ್ರೇಸರ್. ನನಗಿಂತ ಹಿರಿಯರು, ಅವರನ್ನು ಅಕ್ಕ ಎನ್ನುತ್ತಿದ್ದೆ. ಶೆಟ್ಟಿಹಳ್ಳಿಯ ಹಳೆಯ ಮನೆತನ ಅವರದು. ಕಾರ್ಖಾನೆಗೆ ಜಮೀನು ಹೋದಾಗ ಮನೆಗೊಂದು ಕೆಲಸ ಅಂತ ಕೊಟ್ಟಿದ್ದರು. ಅವರ ಮನೆಯಲ್ಲಿ ಓದಿದ್ದವರು ಅಕ್ಕ ಒಬ್ಬರೇ ಆದ್ದರಿಂದ ಕೆಲಸ ಅವರಿಗೆ ಬಂತು.

ಟ್ರೇಸರ್ ಎಂದರೆ, ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಕಪ್ಪು ಶಾಯಿಯಲ್ಲಿ ಅದನ್ನು ಮತ್ತೆ ಬರೆಯುವವರು. ಆ ಕೆಲಸಕ್ಕೊಂದು ಕಟ್ಟಳೆ ಇತ್ತು. ಕಣ್ಣಿಗೆ ಕಾಣುವ ಅಂಚಿಗೆ ಪೂರ್ತಿ ಗೆರೆ. ಲೋಹದೊಳಗೆ ಮರೆಯಾಗಿರುವ ಅಂಚಿಗೆ ತುಂಡು ತುಂಡು ಗೆರೆ. ಮರೆಯಾಗಿದೆ ಎಂದು ಬಿಟ್ಟುಬಿಡುವಂತಿಲ್ಲ. ಬಿಟ್ಟರೆ ಕೊರೆಯುವವನಿಗೆ ಒಳಗೆ ತೂತು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅಕ್ಕನ ಕೈ ಆ ಕಟ್ಟಳೆಗೆ ಎಷ್ಟು ಒಗ್ಗಿತ್ತೆಂದರೆ, ಊಟದ ಹೊತ್ತಿನಲ್ಲಿ ಸುಮ್ಮನೆ ನನ್ನ ಟಿಫಿನ್ ಡಬ್ಬಿಯ ಚಿತ್ರ ಬಿಡಿಸಿದರೂ ಮುಚ್ಚಳದ ಕೆಳಗಿನ ರೊಟ್ಟಿ ತುಂಡುಗೆರೆಯಲ್ಲಿ ಇರುತ್ತಿತ್ತು.

ಆರ್.ಟಿ. ನಗರದಲ್ಲಿ ಹವ್ಯಾಸಿಗಳ ಒಂದು ಫಿಲ್ಮ್ ಕ್ಲಬ್ಬಿತ್ತು. ಸದಸ್ಯರಾದವರಿಗೆ ಎಂಟು ಮಿಲಿಮೀಟರಿನ ಕ್ಯಾಮೆರಾ ಎರವಲು ಸಿಗುತ್ತಿತ್ತು. ಹೆಚ್ಚಿನವರು ಮದುವೆ, ಮಕ್ಕಳು, ಲಾಲ್‌ಬಾಗಿನ ಹೂವು ತೆಗೆಯುತ್ತಿದ್ದರು. ಅಕ್ಕ ಒಂದು ದಿನ ಬಸ್ಸಿನಲ್ಲಿ ನನಗೆ ಕಥೆ ಹೇಳಿದರು. ನೀಲಗಿರಿ ತೋಪಿನ ನಡುವೆ ಒಂದು ಬಂಗಲೆ, ಅದಕ್ಕೊಂದು ಗೋಪುರ. ಸತ್ತ ದೊರೆ ಬೀಗದ ಕೈ ಗೊಂಚಲು ಹಿಡಿದು ಇನ್ನೂ ಅಲ್ಲೇ ತಿರುಗುತ್ತಾನೆ. ಅಡುಗೆಗೆಂದು ಒಳಗೆ ಹೋದ ಒಬ್ಬ ಮುದುಕಿ ಹೊರಗೆ ಬಂದಿಲ್ಲ. ಆಕೆಯ ಮೊಮ್ಮಗಳು ಮಾವಿನ ಮರ ಹತ್ತಿ, ಹಂಚು ಸರಿಸಿ ಒಳಗಿಳಿಯುತ್ತಾಳೆ. ಬಾವಲಿಗಳು, ಸುರಂಗ, ಹಂಚಿನ ಮಾಡಿನ ಮೇಲೆ ಓಟ, ಎಲ್ಲ ಆದ ಮೇಲೆ ಅಜ್ಜಿಯ ಕೋಣೆಯ ಬಾಗಿಲು ತೆಗೆಯುತ್ತಾಳೆ. ಎಲ್ಲವನ್ನೂ ಬರೆದೇ ಮಾಡಬೇಕು, ಒಂದೊಂದು ಚಲನೆಗೆ ಒಂದೊಂದು ಚಿತ್ರ.

“ಅಷ್ಟು ಚಿತ್ರ ಯಾರು ಬಿಡಸೋರಕ್ಕಾ?” ಎಂದೆ.

“ನಾನು. ನೀನು ಕ್ಯಾಮೆರಾ ಒತ್ತೀಯಂತೆ. ಟೈಪು ಮಾಡೋ ಬೆರಳಲ್ವಾ, ಅಲ್ಲಾಡಲ್ಲ.”

ಪಾರದರ್ಶಕ ಹಾಳೆ ಕೊಳ್ಳುವುದು ನಮ್ಮ ಕೈಲಾಗದ ಮಾತು. ಯಶವಂತಪುರದ ಒಂದು ಗುಜರಿ ಅಂಗಡಿಯಲ್ಲಿ ಹಳೆಯ ಎಕ್ಸ್‌ರೇ ಹಾಳೆಗಳನ್ನು ತೊಳೆದು ಬೆಳ್ಳಿ ತೆಗೆಯುತ್ತಿದ್ದರು. ಬೆಳ್ಳಿ ಹೋದ ಮೇಲೆ ಉಳಿಯುವ ಹಾಳೆ ಅವರಿಗೆ ಕಸ, ನಮಗೆ ಬಂಡವಾಳ. ಶಾಯಿ ಅದರ ಮೇಲೆ ನಿಲ್ಲದೆ ಹನಿಹನಿಯಾಗಿ ಓಡುತ್ತಿತ್ತು; ಅಕ್ಕ ಸೀಮೆಸುಣ್ಣದ ಪುಡಿ ಉಜ್ಜಿ ನಿಲ್ಲಿಸಿದರು. ಎಕ್ಸ್‌ರೇ ಹಾಳೆಗೆ ಹುಟ್ಟಿನಿಂದಲೇ ಒಂದು ನಸುನೀಲಿ ಇರುತ್ತದೆ. ಆ ನೀಲಿ ನಮ್ಮ ಇಡೀ ಸಿನಿಮಾವನ್ನು ಆವರಿಸಿತು. ಬೆಳದಿಂಗಳು ಬೀಳಿಸಲು ನಾವು ಏನೂ ಮಾಡಬೇಕಾಗಲಿಲ್ಲ. ಕೆಲವು ಹಾಳೆಗಳು ಪೂರ್ತಿ ತೊಳೆದಿರಲಿಲ್ಲ. ಯಾರದೋ ಪಕ್ಕೆಲುಬಿನ ನೆರಳು ಮಸುಕಾಗಿ ಉಳಿದಿರುತ್ತಿತ್ತು. ಅಂಥವನ್ನು ಎಸೆಯೋಣ ಎಂದರೆ ಹಾಳೆ ಸಾಲುತ್ತಿರಲಿಲ್ಲ. ದೊರೆಯ ದೆವ್ವಕ್ಕೆ ಅವನ್ನೇ ಬಳಸಿದೆವು.

ಭಾನುವಾರಗಳಂದು ಶೆಟ್ಟಿಹಳ್ಳಿಯಲ್ಲಿ ಅಕ್ಕನ ಮನೆಯ ನಡುಮನೆಯಲ್ಲಿ ಕೆಲಸ. ಪ್ಯಾಕಿಂಗ್ ಮರದ ಚೌಕಟ್ಟಿಗೆ ಕ್ಯಾಮೆರಾವನ್ನು ತಲೆಕೆಳಗಾಗಿ ಕಟ್ಟಿ, ಕೆಳಗೆ ಗಾಜು, ಗಾಜಿನ ಕೆಳಗೆ ಬಲ್ಬು. ಹಾಳೆಗಳು ಅಲುಗದಂತೆ ಎರಡು ಮೊಳೆ ಹೊಡೆದು, ಪ್ರತಿ ಹಾಳೆಗೂ ಆಫೀಸಿನ ಪಂಚಿನಲ್ಲಿ ತೂತು ಮಾಡಿ ಅದಕ್ಕೆ ಸಿಕ್ಕಿಸುತ್ತಿದ್ದೆವು. ಅಕ್ಕ ಹಾಳೆ ಇಡುವುದು, ನಾನು ಒತ್ತುವುದು. ಅಕ್ಕನ ತಂದೆ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಒಳಗೆ ಏನು ನಡೆಯುತ್ತಿದೆಯೆಂದು ಒಮ್ಮೆಯೂ ಇಣುಕಲಿಲ್ಲ.

ಬಂಗಲೆಯ ಒಳಗಿನ ಓಣಿಯ ದೃಶ್ಯಕ್ಕೆ ಬಂದಾಗ ನಾನು ಕೈ ನಿಲ್ಲಿಸಿದೆ. ಹುಡುಗಿ ಸಾಲು ಬಾಗಿಲುಗಳ ಮುಂದೆ ನಡೆದು ಹೋಗುತ್ತಾಳೆ. ಎಲ್ಲ ಬಾಗಿಲೂ ಮುಚ್ಚಿವೆ. ಆದರೆ ಗೋಡೆಯ ಹಿಂದಿನದೆಲ್ಲ ತುಂಡುಗೆರೆಯಲ್ಲಿ ಕಾಣುತ್ತಿತ್ತು: ಮಂಚ, ಮುರಿದ ಕುರ್ಚಿ, ಮೆಟ್ಟಿಲ ಕೆಳಗೆ ಹೊಂಚಿದ ದೊರೆ, ಎಡಗಡೆಯ ಕೊನೆಯ ಕೋಣೆಯಲ್ಲಿ ರಾಗಿಕಲ್ಲಿನ ಮುಂದೆ ಕೂತ ಅಜ್ಜಿ. ಬಾಗಿಲು ತೆಗೆದ ಕ್ಷಣದಲ್ಲಿ ಅಜ್ಜಿಯ ತುಂಡುಗೆರೆಗಳು ಕೂಡಿಕೊಂಡು ಪೂರ್ತಿ ಗೆರೆಯಾಗುತ್ತಿದ್ದವು.

ಅಕ್ಕ ಆಫೀಸಿನ ಅಭ್ಯಾಸದಲ್ಲಿ ಕೈ ತಪ್ಪಿ ಹಾಗೆ ಬರೆದರೇನೋ ಎಂದುಕೊಂಡು ಕೇಳಿದೆ: “ಅಕ್ಕಾ, ಎಲ್ಲಾ ಮೊದಲ ತೋರಿಸಿಬಿಟ್ರ ಮುಂದ ಹೆದರಿಕಿ ಹೆಂಗ ಬರತದ?”

ಆಗ ಅವರು ಹೇಳಿದರು. ಮೊದಮೊದಲು ಕೈಯ ಅಭ್ಯಾಸದಿಂದಲೇ ಬಂದದ್ದು ನಿಜ. ಬಂದ ಮೇಲೆ ನೋಡಿದಾಗ ಇದೇ ಸರಿ ಎನಿಸಿತಂತೆ. ಅವರ ಅಜ್ಜಿ, ಎಂದರೆ ಜಗಲಿಯಲ್ಲಿ ಕೂತವರ ತಾಯಿ, ಹೊಲ ಪಾಲು ಮಾಡುವಾಗ ಮಕ್ಕಳ ಮೇಲೆ ಮುನಿಸಿಕೊಂಡು ಮನೆ ಬಿಟ್ಟಿದ್ದರು. ಎಲ್ಲಿ ಹೋದಳೋ ಗೊತ್ತಾಗಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅಕ್ಕ ಅದನ್ನೇ ನಂಬಿ ಬೆಳೆದರು. ಕೆಲಸಕ್ಕೆ ಸೇರಿದ ಮೇಲೆ, ಮೊಸರು ಮಾರುವ ಹೆಂಗಸೊಬ್ಬಳು ಮಾತಿಗೆ ಮಾತು ಬಂದು ಹೇಳಿದಳು: ಹೆಬ್ಬಾಳದ ಕೆರೆಯ ಆಚೆಗಿದ್ದ ಹಳೆಯ ಬಂಗಲೆಯಲ್ಲಿ ನಿಮ್ಮಜ್ಜಿ ಅಡುಗೆ ಮಾಡಿಕೊಂಡು ಇದ್ದರು, ಅಲ್ಲೇ ಕಾಯಿಲೆ ಬಿದ್ದು ಹೋದರು, ಮಣ್ಣು ಮಾಡಿದವರೂ ಬಂಗಲೆಯವರೇ. ಶೆಟ್ಟಿಹಳ್ಳಿಯಿಂದ ತರಕಾರಿ ಗಾಡಿ ಹೊಡೆದುಕೊಂಡು ಆ ಕಡೆ ಹೋಗುತ್ತಿದ್ದ ಗಂಡಸರಿಗೆಲ್ಲ ಗೊತ್ತಿತ್ತು, ನಿಮ್ಮಪ್ಪನಿಗೂ.

“ಕೇಳ್ದೆ ಅಪ್ಪನ್ನ. ಎಷ್ಟೋ ಸಲ ಕೇಳ್ದೆ. ಗೊತ್ತಿರ್ಲಿಲ್ಲ ಅಂತಾನೇ ಅಂದ್ರು” ಎಂದರು ಅಕ್ಕ. ಸ್ವಲ್ಪ ಹೊತ್ತು ಗಾಜು ಒರೆಸಿದರು. “ದೆವ್ವದ ಕಥೇಲಿ ಒಳಗೇನಿದೆ ಅಂತ ಯಾರ್ಗೂ ಗೊತ್ತಿರಲ್ಲ. ನಮ್ದ್ರಲ್ಲಿ ಎಲ್ರಿಗೂ ಗೊತ್ತಿತ್ತು. ಗೋಡೆ ಆಚೆ ಇರೋದು ಕಾಣ್ತಾನೇ ಇತ್ತು. ಭಯ ಅಂದ್ರೆ ಅದು ಕಣೇ. ಅಪ್ಪ ಇದನ್ನ ನೋಡ್ಬೇಕು. ನೋಡಿ, ಗೊತ್ತಿತ್ತು ಅಂತ ಒಂದೇ ಒಂದ್ಸಲ ಬಾಯ್ಬಿಟ್ಟು ಹೇಳ್ಬೇಕು.”

ನಾನು ಮತ್ತೆ ಕ್ಯಾಮೆರಾ ಒತ್ತಿದೆ. ಆ ದಿನದಿಂದ ಆ ಓಣಿಯ ಯಾವ ಗೆರೆಯ ಬಗ್ಗೆಯೂ ನಾನು ಪ್ರಶ್ನೆ ಕೇಳಲಿಲ್ಲ.

ಫಿಲ್ಮು ತೊಳೆಯಲು ಬೊಂಬಾಯಿಗೆ ಹೋಗಿ ಬಂತು. ಆ ಬಗೆಯ ಫಿಲ್ಮಿಗೆ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದಲ್ಲಿ ಓಡಿದ್ದೇ ಪರದೆಯ ಮೇಲೂ ಓಡುತ್ತದೆ. ಇರುವುದು ಒಂದೇ ಪ್ರತಿ. ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯ ಪ್ರದರ್ಶನಕ್ಕೆ ಮೊದಲು ಅಧ್ಯಕ್ಷರಿಗೆ ತೋರಿಸಬೇಕಿತ್ತು. ಅವರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಒಳ್ಳೆಯವರು, ಕ್ಯಾಮೆರಾ ಕೊಟ್ಟಾಗ ಒಂದು ಮಾತೂ ಹೆಚ್ಚಿಗೆ ಕೇಳಿರಲಿಲ್ಲ. ತಮ್ಮ ಮನೆಯ ಗೋಡೆಯ ಮೇಲೆ ಓಡಿಸಿ ನೋಡಿದರು. ದೆವ್ವದ ಎದೆಯಲ್ಲಿ ಪಕ್ಕೆಲುಬು ಕಂಡ ಕೂಡಲೇ ಮುಂದೆ ಬಾಗಿದರು. ಎಂಥ ಕಲ್ಪನೆ, ಇದನ್ನು ಯಾರಮ್ಮಾ ಯೋಚಿಸಿದ್ದು ಎಂದು ಮತ್ತೆ ಮತ್ತೆ ಕೇಳಿದರು. ಹಾಳೆ ಸಾಲದೆ ಹಾಗಾಯಿತು ಎಂದು ಅಕ್ಕ ಹೇಳಿದರೂ ಅವರು ಅದನ್ನು ವಿನಯ ಎಂದುಕೊಂಡರು.

ಓಣಿ ಬಂದಾಗ ಹಿಂದಕ್ಕೆ ಒರಗಿದರು.

“ಇದೇನಮ್ಮಾ ಇದು, ಟೈಲರ್ ಕಚ್ಚಾ ಹೊಲಿಗೆ ಹಾಕಿದ ಹಾಗಿದೆ? ಅಜ್ಜಿ ಎಲ್ಲಿದಾಳೆ, ದೆವ್ವ ಎಲ್ಲಿದೆ ಅಂತ ಮುಂಚೇನೇ ಹೇಳ್ಬಿಟ್ರೆ ಸಸ್ಪೆನ್ಸ್ ಏನುಳೀತು? ಈ ಭಾಗ ತೆಗೆದ್ಬಿಡಿ. ಬಾಗಿಲು ತೆಗೀತಾಳೆ, ಅಜ್ಜಿ ಕೂತಿದಾಳೆ. ಜನ ಬೆಚ್ಚಿಬೀಳ್ತಾರೆ.”

“ಬೆಚ್ಚಿಬೀಳೋದು ಬೇಡ ಸರ್” ಎಂದರು ಅಕ್ಕ. “ಅಲ್ಲಿದಾಳೆ ಅಂತ ಗೊತ್ತಿರ್ಬೇಕು.”

ಅವರು ನಕ್ಕು, ಯೋಚಿಸಿ ನೋಡಿ ಎಂದರು. ಪ್ರದರ್ಶನದ ಏರ್ಪಾಟಿಗೆ ರೀಲು ಅವರ ಬಳಿಯೇ ಇರಬೇಕಿತ್ತು. ಬಿಟ್ಟು ಬಂದೆವು.

ಪ್ರದರ್ಶನದ ಸಂಜೆ ಅಕ್ಕ ತಂದೆಯನ್ನು ಕರೆತಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಹಿಂದಿನ ಸಾಲಿನ ತುದಿಯ ಕುರ್ಚಿ ಆರಿಸಿಕೊಂಡು ಕೂತರು. ನಾವು ಅವರ ಪಕ್ಕದಲ್ಲಿ. ಪ್ರೊಜೆಕ್ಟರು ಓಡಿಸುತ್ತಿದ್ದವರು ಕ್ಲಬ್ಬಿನ ಸದಸ್ಯರೇ, ಬ್ಯಾಂಕಿನ ಕೆಲಸದವರು.

ನಮ್ಮ ಸಿನಿಮಾ ಶುರುವಾಯಿತು. ನೀಲಿ ಬೆಳದಿಂಗಳಿಗೆ ಸಭಾಂಗಣ ಒಂದು ಕ್ಷಣ ತಣ್ಣಗಾಯಿತು. ಹುಡುಗಿ ಜಾರುತ್ತಾ ನಡೆದದ್ದಕ್ಕೆ ಮುಂದಿನ ಸಾಲಿನ ಹುಡುಗರು, “ಮಗಾ, ಸ್ಕೇಟಿಂಗ್ ಕಣೋ” ಎಂದು ಕಿಚಾಯಿಸಿದರು. ಕಿಚಾಯಿಸಲಿ, ಅದು ನ್ಯಾಯವೇ. ಪಕ್ಕೆಲುಬಿಗೆ ಚಪ್ಪಾಳೆ ಬಿತ್ತು. ಹುಡುಗಿ ಹಂಚು ಸರಿಸಿದಳು, ಸುರಂಗ ದಾಟಿದಳು, ಓಣಿಯ ಮೊದಲ ಹೆಜ್ಜೆ ಇಟ್ಟಳು. ಪರದೆ ಒಮ್ಮೆ ಕುಪ್ಪಳಿಸಿತು. ಮರುಕ್ಷಣವೇ ಬಾಗಿಲು ತೆರೆಯಿತು, ಅಜ್ಜಿ ಕೂತಿದ್ದಳು.

ಓಣಿ ಇರಲಿಲ್ಲ.

ಅಕ್ಕ ಎದ್ದರು. ನನ್ನ ಮೊಣಕಾಲು ದಾಟಿ, ತಂದೆಯ ಮುಂದೆ ಹಾದು, ನಡುವಿನ ದಾರಿಯಲ್ಲಿ ನಡೆದು ಪ್ರೊಜೆಕ್ಟರಿನ ಮೇಜಿನ ಬಳಿ ನಿಂತರು. ಓಡಲಿಲ್ಲ. ಅವರ ನೆರಳು ಪರದೆಯ ಮೇಲೆ ಬಿತ್ತು, ಅಜ್ಜಿಯ ಮುಖ ಮುಚ್ಚಿತು.

“ನಿಲ್ಸಿ” ಎಂದರು.

ಬ್ಯಾಂಕಿನವರು ಅಧ್ಯಕ್ಷರ ಮುಖ ನೋಡಿದರು. ಅಕ್ಕ ಮತ್ತೊಮ್ಮೆ ಅದೇ ದನಿಯಲ್ಲಿ ಹೇಳಿದ ಮೇಲೆ ಯಂತ್ರ ನಿಂತಿತು. ಯಾರೋ ದೀಪ ಹಾಕಿದರು. ಅಧ್ಯಕ್ಷರು ಮುಂದಿನ ಸಾಲಿನಿಂದ ಎದ್ದು ಬಂದು, ಎಲ್ಲರೂ ನೋಡುತ್ತಿದ್ದಾರೆ, ಆಮೇಲೆ ಮಾತಾಡೋಣ ಎಂದು ಮೆಲ್ಲಗೆ ಹೇಳಿದರು. ಚಿತ್ರ ಚೆನ್ನಾಗಿ ಬರಲಿ ಎಂದೇ ಮಾಡಿದ್ದು, ಕ್ಯಾಮೆರಾ ಕ್ಲಬ್ಬಿನದು, ನನಗೂ ಜವಾಬ್ದಾರಿ ಇದೆ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮುಖ ಕಂಡಿದ್ದೇನೆ. ಉಪಕಾರ ಮಾಡಿದೆ ಎಂದೇ ನಂಬಿದ್ದರು.

“ಕ್ಯಾಮೆರಾ ನಿಮ್ದು ಸರ್. ಅಜ್ಜಿ ನಮ್ದು. ತುಂಡು ಎಲ್ಲಿ?”

ಆ ಕಾಲದಲ್ಲಿ ನಮ್ಮಂಥ ಹೆಂಗಸರು ತುಂಬಿದ ಸಭೆಯಲ್ಲಿ, ವಯಸ್ಸಾದ ಗಂಡಸಿನೊಡನೆ ಹಾಗೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಮುಂದಿನ ಸಾಲಿನವರು ಕುರ್ಚಿ ತಿರುಗಿಸಿ ಕೂತಿದ್ದರು. ಅಕ್ಕನ ತಂದೆ ಮಾತ್ರ ಖಾಲಿ ಪರದೆಯನ್ನೇ ನೋಡುತ್ತಿದ್ದರು.

ಅಧ್ಯಕ್ಷರು ತುಂಡನ್ನು ಎಸೆದಿರಲಿಲ್ಲ. ಸುರುಳಿ ಸುತ್ತಿ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ, ಮೇಜಿನ ಮೇಲೆಯೇ ಇಟ್ಟಿದ್ದರು. ಸಂಜೆ ಮುಗಿದ ಮೇಲೆ ನಿಮಗೇ ಕೊಡುವವನಿದ್ದೆ ಎಂದರು. ಅಕ್ಕ ಡಬ್ಬಿ ತೆಗೆದು ಬ್ಯಾಂಕಿನವರ ಕೈಗಿಟ್ಟರು. “ಇದನ್ನ ಓಡ್ಸಿ. ಆಮೇಲೆ ಬಾಗಿಲಿಂದ ಮತ್ತೆ ಹಾಕಿ.” ಈಗ ಅಂಟಿಸಿ ಕೂರಲಾಗುವುದಿಲ್ಲ, ಬಿಡಿಯಾಗಿ ಓಡಿಸಬಹುದು ಅಷ್ಟೇ ಎಂದು ಬ್ಯಾಂಕಿನವರು ಹೇಳಿದರು. ಬಿಡಿಯಾಗಿಯೇ ಓಡಿಸಿ ಎಂದರು ಅಕ್ಕ.

ದೀಪ ಆರಿತು. ಸಂಗೀತವಿಲ್ಲ, ಯಂತ್ರದ ಕಟಕಟ ಮಾತ್ರ. ಹುಡುಗಿ ಓಣಿಯಲ್ಲಿ ನಡೆದಳು. ಗೋಡೆಗಳ ಹಿಂದೆ ತುಂಡುಗೆರೆಯ ಮಂಚ, ತುಂಡುಗೆರೆಯ ಕುರ್ಚಿ. ಮೆಟ್ಟಿಲ ಕೆಳಗೆ ದೊರೆ ಕಂಡಾಗ ಹುಡುಗರು ನಕ್ಕರು. “ಗುರು, ದೆವ್ವ ಇನ್ನೂ ಹೊಲ್ದು ಮುಗಿಸಿಲ್ಲ ಕಣೋ” ಎಂದ ಒಬ್ಬ. ನಗು ಹರಡಿತು. ಕೊನೆಯ ಕೋಣೆಯಲ್ಲಿ ಅಜ್ಜಿ ರಾಗಿಕಲ್ಲು ತಿರುಗಿಸುತ್ತಿದ್ದಳು. ಹುಡುಗಿ ಆ ಗೋಡೆಯ ಮುಂದೆ ನಿಂತು ಒಳಗಿನದನ್ನು ನೋಡುತ್ತಿದ್ದಳು, ನಾವೂ ನೋಡುತ್ತಿದ್ದೆವು. ಅಕ್ಕ ಬರೆದ ಆ ಕಲ್ಲಿನ ಸುತ್ತು ಎಷ್ಟು ಚೆನ್ನಾಗಿತ್ತೆಂದು ನನಗೆ ಅಲ್ಲಿಯೇ ಗೊತ್ತಾದದ್ದು. ಇಡೀ ಸಿನಿಮಾದಲ್ಲಿ ಭಾರವಿದ್ದ ಚಲನೆ ಅದೊಂದೇ. ಬೇರೆಲ್ಲ ತೇಲುತ್ತಿದ್ದವು, ಕಲ್ಲು ತೇಲಲಿಲ್ಲ.

ತುಂಡು ಮುಗಿದು ಪರದೆ ಬೆಳ್ಳಗಾಯಿತು. ಮತ್ತೆ ರೀಲು ಹಾಕಿದರು. ಬಾಗಿಲು ತೆರೆಯಿತು. ಗೆರೆಗಳು ಕೂಡಿಕೊಂಡವು, ಅಜ್ಜಿ ಪೂರ್ತಿಯಾದಳು. ನಗು ಪೂರ್ತಿ ನಿಂತಿತು ಎಂದು ನಾನು ಹೇಳಲಾರೆ. ಕೆಲವರು ಕೊನೆಯವರೆಗೂ ನಕ್ಕರು. ಅಕ್ಕ ಮೇಜಿನ ಪಕ್ಕದಲ್ಲಿ ನಿಂತೇ ಇದ್ದರು. ಪರದೆಯನ್ನಲ್ಲ, ಹಿಂದಿನ ಸಾಲಿನ ತುದಿಯನ್ನು ನೋಡುತ್ತಿದ್ದರು.

ಬಹುಮಾನ ಯಾವುದೋ ಹೂವಿನ ಚಿತ್ರಕ್ಕೆ ಹೋಯಿತು. ತೀರ್ಪುಗಾರರು ನಮ್ಮದನ್ನು ಕುರಿತು, ಪಕ್ಕೆಲುಬಿನ ಪ್ರಯೋಗ ಮೆಚ್ಚತಕ್ಕದ್ದು, ನಿರೂಪಣೆಯಲ್ಲಿ ಕುತೂಹಲ ಕಾಯ್ದುಕೊಂಡಿಲ್ಲ ಎಂದರು. ಮೆಚ್ಚತಕ್ಕದ್ದು ಎಂದದ್ದು ನಮ್ಮದಲ್ಲ, ಗುಜರಿ ಅಂಗಡಿಯದು. ನಿಜವಾಗಿ ನಮ್ಮದಾಗಿದ್ದದ್ದನ್ನು ದೋಷ ಎಂದರು. ಅಧ್ಯಕ್ಷರು ಬಾಗಿಲ ಬಳಿ ಅಕ್ಕನಿಗೆ ನಮಸ್ಕಾರ ಮಾಡಿ, ಮುಂದಿನ ಚಿತ್ರಕ್ಕೆ ಕ್ಯಾಮೆರಾ ಬೇಕಾದರೆ ಬನ್ನಿ ಎಂದರು. ಅಕ್ಕನೂ ನಮಸ್ಕಾರ ಮಾಡಿದರು, ಬರುತ್ತೇನೆ ಎನ್ನಲಿಲ್ಲ.

ಹೊರಗೆ ಬಸ್ ಸ್ಟಾಪಿನಲ್ಲಿ ನಾವು ಮೂವರು ನಿಂತೆವು. ಅಕ್ಕನ ತಂದೆ ಬೀಡಿ ತೆಗೆದು ಹಚ್ಚದೆ ಬೆರಳಲ್ಲೇ ಹಿಡಿದಿದ್ದರು. ನಮ್ಮಿಬ್ಬರನ್ನೂ ನೋಡದೆ, ರಸ್ತೆ ನೋಡುತ್ತಾ ಹೇಳಿದರು.

“ಎಡಗಡೆ ಕ್ವಾಣೆ ಅಲ್ಲ ಕಣವ್ವ ಅದು. ಬಲಗಡೆದು. ಬೇಲಿ ತಾವ ನಿಂತ್ರೆ ಕಲ್ಲಿನ ಸದ್ದು ಕೇಳ್ತಿತ್ತು.”

ಅಕ್ಕ ಅವರ ಕಡೆ ತಿರುಗಿದರು.

“ನಿಂತಿದ್ಯಾ ಅಪ್ಪ?”

“ನಿಂತಿದ್ದೆ. ಗಾಡಿ ನಿಲ್ಸಿ, ನಿಂತಿದ್ದೆ.”

“ಬಾಗ್ಲು ತಟ್ಟಿದ್ಯಾ?”

ಅವರು ಹಚ್ಚದ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಬಸ್ಸು ಬಂತು. ಹತ್ತುವಾಗ ಅಕ್ಕ ಅವರ ತೋಳು ಹಿಡಿದು ಹತ್ತಿಸಿದರು. ಆದರೆ ಕೇಳಿದ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಇರಲಿ ಬಿಡಪ್ಪ ಎನ್ನಲಿಲ್ಲ.

ಮುಂದಿನ ಭಾನುವಾರ ನಾನು ಶೆಟ್ಟಿಹಳ್ಳಿಗೆ ಹೋದೆ. ಅಕ್ಕ ತುಂಡನ್ನು ಅದರ ಜಾಗಕ್ಕೆ ಅಂಟಿಸುತ್ತಿದ್ದರು. ಅವರ ತಂದೆ ಎಂದಿನಂತೆ ಜಗಲಿಯಲ್ಲಿದ್ದರು. ಹಾಳೆಗಳು ಇನ್ನೂ ಇದ್ದವು, ಕ್ಯಾಮೆರಾ ಹಿಂತಿರುಗಿಸಿರಲಿಲ್ಲ. ನಾನು ದನಿ ತಗ್ಗಿಸಿ, ಆ ಕೋಣೆಯನ್ನು ಬಲಗಡೆಗೆ ತಂದು ಮತ್ತೆ ತೆಗೆಯೋಣವೇ ಎಂದು ಕೇಳಿದೆ.

ಅಕ್ಕ ದನಿ ತಗ್ಗಿಸಲಿಲ್ಲ. ಜಗಲಿಗೂ ಕೇಳುವಂತೆ ಹೇಳಿದರು.

“ಬೇಡ. ಎಡಗಡೆನೇ ಇರ್ಲಿ. ದೊಡ್ಡಪ್ಪ ಇದಾರೆ, ಚಿಕ್ಕಪ್ಪ ಇದಾರೆ, ಅವ್ರೂ ನೋಡ್ಲಿ. ತಪ್ಪು ಅಂತ ಹೇಳೋಕಾದ್ರೂ ಒಬ್ಬೊಬ್ರೇ ಬಾಯ್ ತೆಗೀಲಿ.”